ಬಾವಿ ನೀರಿನ ಮೇಲೆ 8 ಸೆಂಟಿಮೀಟರ್ ಎಣ್ಣೆ

ಕಾಪು ಬಳಿಯ ಪಾದೂರಿನಲ್ಲಿ ನೆಲದಡಿಯ ಗಟ್ಟಿ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಿವೆ. ದೇಶದ ಆಪತ್ಕಾಲಕ್ಕೆಂದು ಅಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ತುಂಬಿಡಬಹುದು. ಮಂಗಳೂರಿನಲ್ಲಿರುವ ಇಂಥದೇ ಗುಹೆಗಳಲ್ಲಿ ಇನ್ನೂ 15 ಲಕ್ಷ ಟನ್ ಹಿಡಿಯುತ್ತದೆ. ಈ ಗುಹೆಗಳ ಗೋಡೆಗೆ ಉಕ್ಕಿನ ಹೊದಿಕೆ ಇಲ್ಲ ಎಂದು ಮೊದಲ ಸಲ ತಿಳಿದಾಗ ನನಗೆ ಗಾಬರಿಯಾಗಿತ್ತು. ಬಂಡೆಯ ಬಿರುಕಿನಿಂದ ಎಣ್ಣೆ ಸೋರದೆ ಇರುತ್ತದೆಯೇ? ಸೋರದಂತೆ ತಡೆಯುವುದು ಸುತ್ತಲಿನ ಅಂತರ್ಜಲ. ನೀರಿನ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿರುವವರೆಗೆ ನೀರು ಒಳಗೆ ಜಿನುಗುತ್ತದೆ, ಎಣ್ಣೆ ಹೊರಗೆ ಬರುವುದಿಲ್ಲ. ಆ ಒತ್ತಡ ಇಳಿಯಬಾರದೆಂದು ಗುಹೆಗಳ ಮೇಲ್ಗಡೆ ಸುರಂಗ ಕೊರೆದು ನೀರು ತುಂಬಿಸುತ್ತಾರೆ. ನಮ್ಮ ಪಾದೂರಿನಲ್ಲಿ ಎಣ್ಣೆಗೆ ಕಾವಲು ನಿಂತಿರುವುದು ನೀರು.

ಈ ಲೆಕ್ಕ ತಲೆಕೆಳಗಾದ ಹಳ್ಳಿಯೊಂದು ನೈಜೀರಿಯಾದಲ್ಲಿದೆ. ನೈಜರ್ ನದಿ ಹತ್ತಾರು ಕವಲಾಗಿ ಅಟ್ಲಾಂಟಿಕ್ ಸೇರುವ ಮುಖಜಭೂಮಿಯ, ಅಂದರೆ ಡೆಲ್ಟಾದ, ಒಂದು ಮೂಲೆಯಲ್ಲಿ, ಒಗೊನಿ ಜನರ ಸೀಮೆಯಲ್ಲಿ, ನಿಸಿಸಿಯೋಕೆನ್ ಒಗಾಲೆ ಎಂಬುದು ಅದರ ಹೆಸರು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ತಂಡ ಅಲ್ಲಿನ ಅಂತರ್ಜಲದ ಮೇಲೆ 8 ಸೆಂಟಿಮೀಟರ್ ದಪ್ಪಕ್ಕೆ ಎಣ್ಣೆ ತೇಲುವುದನ್ನು ಕಂಡಿತು. ಹತ್ತಿರದಲ್ಲೇ ಸರ್ಕಾರಿ ತೈಲ ಕಂಪನಿಯ ಕೊಳವೆ ಹಾದುಹೋಗಿತ್ತು. ಜನ ಕುಡಿಯುತ್ತಿದ್ದ ಬಾವಿಗಳಲ್ಲಿ, ಕ್ಯಾನ್ಸರ್ ತರುವ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟಿಗೂ ಹೆಚ್ಚಿತ್ತು. ಇದು 2011ರ ಆಗಸ್ಟ್‌ನಲ್ಲಿ ಹೊರಬಂದ ವರದಿ. ಮನೆಗೊಂದು ಬಾವಿ ಇಟ್ಟುಕೊಂಡ ನಮ್ಮ ಕರಾವಳಿಯವರಿಗೆ 8 ಸೆಂಟಿಮೀಟರ್ ಎಂದರೆ ಎಷ್ಟೆಂದು ವಿವರಿಸಬೇಕಾಗಿಲ್ಲ. ಕೊಡಪಾನ ಇಳಿಸಿದರೆ ಮೊದಲು ತುಂಬುವುದೇ ಅದು.

ಅಲ್ಲಿಗೆ ಬಂದು ಮುಟ್ಟಲು 55 ವರ್ಷ ಬೇಕಾಯಿತು. 1956ರಲ್ಲಿ ಶೆಲ್-ಬಿಪಿ ಕಂಪನಿಗೆ ಓಲೊಯ್ಬಿರಿ ಎಂಬ ಊರಲ್ಲಿ ತೈಲ ಸಿಕ್ಕಿತು. 1958ರಲ್ಲಿ ಮೊದಲ ಹಡಗು ಹೊರಟಿತು. 1960ರಲ್ಲಿ ದೇಶ ಸ್ವತಂತ್ರವಾದಾಗ, ಖನಿಜ ಸಿಗುವ ಪ್ರಾಂತ್ಯಕ್ಕೆ ಅದರ ಆದಾಯದ ಅರ್ಧ ಪಾಲು ಎಂದು ಸಂವಿಧಾನದಲ್ಲೇ ಬರೆದಿತ್ತು. ತೈಲದ ಹಣ ಬೆಳೆದಂತೆ ಈ ಪಾಲು ಕರಗಿತು. 1980ರ ದಶಕದ ಹೊತ್ತಿಗೆ ಅದು ನೂರಕ್ಕೆ ಒಂದೂವರೆಗೆ ಬಂದು ನಿಂತಿತ್ತು. ಇಜಾ, ಒಗೊನಿ, ಉರ್‌ಹೋಬೊ, ಇಟ್ಸೆಕಿರಿ ಇವೆಲ್ಲ ತೈಲ ಸಿಗುವ ಡೆಲ್ಟಾದ ಜನಾಂಗಗಳು, ದೇಶದ ದೊಡ್ಡ ಜನಾಂಗಗಳ ಮುಂದೆ ಸಣ್ಣ ಗುಂಪುಗಳು. ರಾಜಧಾನಿಯಲ್ಲಿ ಅವರ ಪರ ಮಾತಾಡುವ ಬಾಯಿ ಕಡಿಮೆ. 1966ರಲ್ಲಿ ಐಸಾಕ್ ಬೋರೊ ಎಂಬ ಯುವಕ ಪ್ರತ್ಯೇಕ ನೈಜರ್ ಡೆಲ್ಟಾ ಗಣರಾಜ್ಯ ಘೋಷಿಸಿ 12 ದಿನ ಕಾದಾಡಿದ. ಮರುವರ್ಷ ದೇಶದ ಪೂರ್ವ ಭಾಗ ಬೇರೆಯಾಗಲು ಹೊರಟು ಬಿಯಾಫ್ರಾ ಯುದ್ಧ ಹೊತ್ತಿಕೊಂಡಿತು, 1970ರವರೆಗೆ ನಡೆಯಿತು.

ಆದರೆ ಈ ಕತೆಯ ನಿಜವಾದ ತಿರುವು ಬಂದೂಕಿನಲ್ಲಿಲ್ಲ, ಎರಡು ಕಾಯ್ದೆಗಳಲ್ಲಿದೆ ಎಂದು ನನಗನಿಸುತ್ತದೆ. 1969ರ ಕಾಯ್ದೆ ನೆಲದಡಿಯ ತೈಲವೆಲ್ಲ ಸರ್ಕಾರದ್ದು ಎಂದಿತು. 1978ರ ಭೂಬಳಕೆ ಕಾಯ್ದೆ ನೆಲವನ್ನೂ ರಾಜ್ಯದ ಗವರ್ನರ್ ಕೈಗೆ ಕೊಟ್ಟಿತು. ಇದರ ಅರ್ಥ ದಕ್ಷಿಣ ಕನ್ನಡ, ಉಡುಪಿಯ ಕೃಷಿಕರಿಗೆ ಬೇಗ ಹೊಳೆಯುತ್ತದೆ. ನಮ್ಮಲ್ಲಿ ವರ್ಗ ಜಾಗದ, ಅಂದರೆ ಸ್ವಂತ ಪಟ್ಟಾ ಜಮೀನಿನ, ಪಕ್ಕದ ಕುಮ್ಕಿಯನ್ನೇ ನೋಡಿ. ತಲೆಮಾರುಗಳಿಂದ ಸೊಪ್ಪು, ಸೌದೆ ತಂದದ್ದು ಅಲ್ಲಿಂದ, ದನ ಮೇಯಿಸಿದ್ದು ಅಲ್ಲಿ. ಕಾಗದ ತೆಗೆದು ನೋಡಿದರೆ ಅದು ಸರ್ಕಾರಿ ಜಾಗ. ಯೋಜನೆ ಬಂದಾಗ ಮೊದಲು ಕೈತಪ್ಪುವುದೂ ಅದೇ. ಇಡೀ ಊರೇ ಒಂದು ಬೆಳಗ್ಗೆ ಕುಮ್ಕಿಯಾದರೆ ಹೇಗೋ, ಡೆಲ್ಟಾದಲ್ಲಿ ಆದದ್ದು ಹಾಗೆ. ಪರಿಹಾರ ಕೊಡುವುದು ಬೆಳೆಗೆ, ಕಟ್ಟಡಕ್ಕೆ. ಮಣ್ಣಿಗೆ ಬೆಲೆ ಇಲ್ಲ. ಮಣ್ಣು ಹಾಳಾದರೆ ಕೇಳುವ ಹಕ್ಕೂ ಅಲ್ಲಿಂದಲೇ ಸಡಿಲಾಯಿತು.

ಹಾಳಾದದ್ದು ಎಂಥ ಮಣ್ಣು? ಅಲ್ಲಿನ ಅಳಿವೆಗಳ ಉದ್ದಕ್ಕೂ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಆಫ್ರಿಕಾದ ಅತಿ ದೊಡ್ಡ ಕಾಂಡ್ಲಾ ವನಗಳಲ್ಲಿ ಒಂದು. ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗಿಳಿದು ಬೇರುಗಳ ಸಂದಿಯಿಂದ ಬಸವನಹುಳುವಿನಂಥ ಚಿಪ್ಪುಗಳನ್ನು ಹೆಕ್ಕುತ್ತಾರೆ. ಮೂಲ್ಕಿಯಲ್ಲಿ, ಕೋಡಿಬೆಂಗ್ರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಕೂತು ಮರುವಾಯಿ ಹೆಕ್ಕುವವರನ್ನು ನೋಡಿದವರಿಗೆ ಆ ಚಿತ್ರ ಹೊಸದಲ್ಲ. ಬೆರಳೇ ಅವರ ಕಣ್ಣು, ಕೆಸರಿನೊಳಗೆ ತಡವಿದ ಕೂಡಲೇ ಮರುವಾಯಿ ಯಾವುದು, ಕಲ್ಲು ಯಾವುದು ಎಂದು ಗೊತ್ತಾಗುತ್ತದೆ. ಕಚ್ಚಾ ತೈಲ ಮೊದಲು ಹೋಗಿ ಕೂರುವುದು ಆ ಕೆಸರಿನಲ್ಲೇ. ಉಬ್ಬರ ಬಂದಾಗಲೆಲ್ಲ ಮೇಲೆದ್ದು ಬೇರಿಗೆ ಮೆತ್ತಿಕೊಳ್ಳುತ್ತದೆ. ಬೇರು ಉಸಿರುಕಟ್ಟಿ ಸತ್ತರೆ ಮೀನಿನ ಮರಿಗಳಿಗೆ ನೆಲೆಯಿಲ್ಲ.

ಇನ್ನೊಂದು ಹಾನಿ ಬೆಂಕಿಯದು. ತೈಲದೊಂದಿಗೆ ಬರುವ ಅನಿಲವನ್ನು ಹಿಡಿದಿಡಲು ಖರ್ಚು ಹೆಚ್ಚೆಂದು ಅಲ್ಲೇ ಸುಟ್ಟುಬಿಡುವುದು. ನಮ್ಮ ಬೀದಿಯಲ್ಲಿ ಹಿಂದೆ ಟ್ಯಾಂಕರ್ ಹಡಗಿನಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ನೈಜೀರಿಯಾದ ಮಾತು ಬಂದರೆ ಅವರು ಹೇಳುವುದು ಒಂದೇ: ‘ಅಲ್ಲಿ ಕತ್ತಲೆಯೇ ಆಗುವುದಿಲ್ಲ ಮಾರಾಯ, ಕರೆ ಉದ್ದಕ್ಕೂ ಬೆಂಕಿ.’ 1979ರಲ್ಲೇ ಕಾಯ್ದೆ ಮಾಡಿ 1984ರ ಜನವರಿಯೊಳಗೆ ನಿಲ್ಲಿಸಬೇಕೆಂದಿದ್ದರು. 2005ರಲ್ಲಿ ಅಲ್ಲಿನ ಹೈಕೋರ್ಟ್, ಹೀಗೆ ಅನಿಲ ಸುಡುವುದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಇವೆರೆಕಾನ್ ಎಂಬ ಊರಿನ ಪರ ತೀರ್ಪಿತ್ತಿತು. ಬೆಂಕಿ ಇಂದಿಗೂ ಪೂರ್ತಿ ಆರಿಲ್ಲ.

ಡೆಲ್ಟಾದ ಚರಿತ್ರೆಯನ್ನು ಹಲವರು ಬಂಡುಕೋರರು, ಅಪಹರಣ, ಕಡಲ್ಗಳ್ಳರು ಎಂದೇ ಶುರುಮಾಡುತ್ತಾರೆ. ಅದು ತಪ್ಪು. ಅದಕ್ಕೆ ಮುಂಚೆ ಅರ್ಜಿ ಇತ್ತು. 1990ರಲ್ಲಿ ಒಗೊನಿ ಜನ ತಮ್ಮ ಹಕ್ಕುಗಳ ಪಟ್ಟಿ ಬರೆದು ಸರ್ಕಾರಕ್ಕೆ ಕೊಟ್ಟರು. ಲೇಖಕ ಕೆನ್ ಸಾರೊ-ವಿವಾ ಮುಂದಾಳುಗಳಲ್ಲಿ ಒಬ್ಬರು. 1993ರ ಜನವರಿ 4ರಂದು ಸುಮಾರು 3 ಲಕ್ಷ ಮಂದಿ ಕೈಯಲ್ಲಿ ಹಸಿರು ರೆಂಬೆ ಹಿಡಿದು ಮೆರವಣಿಗೆ ನಡೆದರು. ಒಗೊನಿಗಳ ಒಟ್ಟು ಸಂಖ್ಯೆಯೇ ಆಗ 5 ಲಕ್ಷದ ಆಸುಪಾಸು. ಆ ವರ್ಷವೇ ಶೆಲ್ ಅಲ್ಲಿ ತೈಲ ತೆಗೆಯುವುದನ್ನು ನಿಲ್ಲಿಸಿತು. ಸೇನೆ ಬಂತು. 1994ರ ಮೇ ತಿಂಗಳಲ್ಲಿ ನಾಲ್ವರು ಒಗೊನಿ ಮುಖಂಡರ ಕೊಲೆಯಾಯಿತು. ಆ ಆರೋಪ ಹೊರಿಸಿ ಸಾರೊ-ವಿವಾ ಮತ್ತು ಎಂಟು ಮಂದಿಯನ್ನು ವಿಶೇಷ ನ್ಯಾಯಮಂಡಳಿಯ ಮುಂದೆ ನಿಲ್ಲಿಸಿದರು. ಮೇಲ್ಮನವಿಗೆ ಅವಕಾಶವಿರಲಿಲ್ಲ. 1995ರ ನವೆಂಬರ್ 10ರಂದು ಪೋರ್ಟ್ ಹಾರ್‌ಕೋರ್ಟ್‌ನಲ್ಲಿ ಒಂಬತ್ತೂ ಮಂದಿಯನ್ನು ಗಲ್ಲಿಗೇರಿಸಿದರು. ನೈಜೀರಿಯಾವನ್ನು ಕಾಮನ್‌ವೆಲ್ತ್‌ನಿಂದ ಅಮಾನತು ಮಾಡಲಾಯಿತು. ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಲೇ ಬಂದ ಶೆಲ್, 2009ರಲ್ಲಿ ಅಮೆರಿಕದ ಕೋರ್ಟಿನಲ್ಲಿದ್ದ ಮೊಕದ್ದಮೆಯನ್ನು ತಪ್ಪೊಪ್ಪಿಕೊಳ್ಳದೆ 1.55 ಕೋಟಿ ಡಾಲರ್ ಕೊಟ್ಟು ಮುಗಿಸಿತು.

2002ರ ಜುಲೈನಲ್ಲಿ ಎಸ್ಕ್ರಾವೊಸ್ ಎಂಬಲ್ಲಿ ಹಳ್ಳಿಯ ಹೆಂಗಸರು ಶೆವ್ರಾನ್ ಕಂಪನಿಯ ತೈಲ ಟರ್ಮಿನಲ್ಲಿಗೆ ನುಗ್ಗಿ ಸುಮಾರು ಹತ್ತು ದಿನ ಕೂತರು. ಕೈಯಲ್ಲಿ ಆಯುಧವಿಲ್ಲ. ಕೇಳಿದ್ದು ಮಕ್ಕಳಿಗೆ ಕೆಲಸ, ಊರಿಗೆ ಕರೆಂಟು, ಕುಡಿಯುವ ನೀರು.

ಬಂದೂಕು ಮುಂದೆ ಬಂದದ್ದು ಇಷ್ಟೆಲ್ಲ ಆದಮೇಲೆ. 1999ರಲ್ಲಿ ಸೇನೆ ಒಡಿ ಎಂಬ ಪಟ್ಟಣವನ್ನೇ ನೆಲಸಮ ಮಾಡಿತ್ತು. 2006ರಿಂದ ಸಶಸ್ತ್ರ ಗುಂಪುಗಳು ಕೊಳವೆ ಸ್ಫೋಟಿಸಿದವು, ತೈಲ ನೌಕರರನ್ನು ಎತ್ತಿಕೊಂಡು ಹೋದವು. 2009ರಲ್ಲಿ ಅಧ್ಯಕ್ಷ ಯಾರ್‌ಅದುವಾ ಕ್ಷಮಾದಾನ ಘೋಷಿಸಿದರು. ಆಯುಧ ಒಪ್ಪಿಸಿದವರಿಗೆ ತಿಂಗಳಿಗೆ 65,000 ನೈರಾ ಮತ್ತು ತರಬೇತಿ. ಸುಮಾರು 30,000 ಮಂದಿ ಹೆಸರು ಬರೆಸಿದರು, ದಾಳಿಗಳು ತಗ್ಗಿದವು, ತೈಲದ ಹರಿವು ಮತ್ತೆ ಏರಿತು. ಜೀವ ಉಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಆ ಪಟ್ಟಿಯಲ್ಲಿ ಕೆಸರಿಗಿಳಿದು ಚಿಪ್ಪು ಹೆಕ್ಕುವವಳಿಗೆ ಜಾಗವಿರಲಿಲ್ಲ, ಯಾಕೆಂದರೆ ಅವಳ ಹತ್ತಿರ ಒಪ್ಪಿಸಲು ಬಂದೂಕಿರಲಿಲ್ಲ. ಕೆಸರು ಹಾಗೇ ಇತ್ತು. ಆದಾಯದ ಪಾಲನ್ನು 1999ರ ಸಂವಿಧಾನದಲ್ಲಿ ನೂರಕ್ಕೆ 13ಕ್ಕೆ ಏರಿಸಿದ್ದು, 2000ದಲ್ಲಿ ಅಭಿವೃದ್ಧಿ ಆಯೋಗ ಕಟ್ಟಿದ್ದು ಎಲ್ಲವೂ ನಿಜ. ಹಣ ರಾಜ್ಯದ ರಾಜಧಾನಿಗಳವರೆಗೆ ಬಂತು, ಅಳಿವೆಯ ಬದಿಗೆ ಇಳಿಯಲಿಲ್ಲ.

ಸೋರಿಕೆಗೆ ಯಾರು ಹೊಣೆ ಎಂಬುದು ಸುಲಭದ ಪ್ರಶ್ನೆಯಲ್ಲ. ಹೆಚ್ಚಿನವು ಕಳ್ಳರ ಕೆಲಸ ಎಂದು ಕಂಪನಿಗಳು ಹೇಳುತ್ತವೆ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಕೊಳವೆಗೆ ತೂತು ಕೊರೆದು, ಕದ್ದ ತೈಲವನ್ನು ಕಳ್ಳಭಟ್ಟಿಯ ಹಾಗೆ ಡ್ರಮ್ಮಿನಲ್ಲಿ ಕುದಿಸಿ ಡೀಸೆಲ್ ಇಳಿಸುವವರು ಅಲ್ಲಿ ಸಾವಿರಾರು. ಆದರೆ ಸೋರಿಕೆ ಆದಾಗ ಕಾರಣ ಹುಡುಕುವ ತಪಾಸಣೆಯಲ್ಲಿ ಕೊಳವೆಯ ಒಡೆಯರ ಮಾತೇ ನಡೆಯುತ್ತದೆ. ವಿಧ್ವಂಸಕ ಕೃತ್ಯ ಎಂದು ಬರೆದರೆ ಪರಿಹಾರವಿಲ್ಲ. ಹಾಗಾಗಿ ಊರಿನವರು ಹೊರದೇಶದ ಕೋರ್ಟಿಗೆ ಹೋದರು. ಬೋಡೊ ಎಂಬಲ್ಲಿ 2008ರಲ್ಲಿ ಆದ ಎರಡು ಸೋರಿಕೆಗಳಿಗೆ ಲಂಡನ್ನಿನಲ್ಲಿ ಹೂಡಿದ ದಾವೆ 2015ರಲ್ಲಿ 5.5 ಕೋಟಿ ಪೌಂಡಿಗೆ ಇತ್ಯರ್ಥವಾಯಿತು. 2021ರ ಜನವರಿಯಲ್ಲಿ ಹೇಗ್‌ನ ಮೇಲ್ಮನವಿ ನ್ಯಾಯಾಲಯ, ಗೋಯಿ ಮತ್ತು ಒರುಮಾ ಊರುಗಳ ರೈತರ ಪರ ತೀರ್ಪು ಕೊಟ್ಟಿತು. ದಾವೆ ಹೂಡಿ 13 ವರ್ಷವಾಗಿತ್ತು. ದಾವೆ ಹೂಡಿದ್ದ ಕೆಲವರು ತೀರ್ಪು ಕೇಳಲು ಬದುಕಿರಲಿಲ್ಲ.

ನಮ್ಮಲ್ಲಿ ತೈಲ ಹುಟ್ಟುವುದಿಲ್ಲ, ಬಂದು ಇಳಿಯುತ್ತದೆ. ನೈಜೀರಿಯಾದ ತೈಲದ ದೊಡ್ಡ ಗಿರಾಕಿಗಳಲ್ಲಿ ಭಾರತವೂ ಒಂದು. ಬಂದರು, ಸಂಸ್ಕರಣಾಗಾರ, ವಿಶೇಷ ಆರ್ಥಿಕ ವಲಯಗಳಿಗಾಗಿ ಊರು ಬಿಟ್ಟವರು ಇಲ್ಲಿಯೂ ಇದ್ದಾರೆ. ನವಮಂಗಳೂರು ಬಂದರಿಗೆ ಜಾಗ ಬಿಟ್ಟವರು ನೆಲೆಸಿದ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಇವತ್ತಿಗೂ ವಿಳಾಸ ಹೇಳುವುದು ಬ್ಲಾಕ್ ನಂಬರಿನಲ್ಲಿ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯಲ್ಲ. ಇಲ್ಲಿ ಊರಿನವರು ಭೂಸ್ವಾಧೀನದ ವಿರುದ್ಧ ಕೂತರು, ಬರೆದರು, ಕೋರ್ಟಿಗೆ ಹೋದರು. 2011ರಲ್ಲಿ ಸರ್ಕಾರ ಆರ್ಥಿಕ ವಲಯದ ಎರಡನೇ ಹಂತಕ್ಕೆ ಗುರುತಿಸಿದ್ದ ಜಮೀನನ್ನು ಕೈಬಿಟ್ಟಿತು. ಅರ್ಜಿಗೆ ಉತ್ತರ ಸಿಕ್ಕಿತು. ಒಗೊನಿಗಳು 1990ರಲ್ಲಿ ಕೇಳಿದ್ದೂ ಅಂಥದೊಂದು ಉತ್ತರವನ್ನೇ.

ಒಗೊನಿ ನೆಲ ಪೂರ್ತಿ ಶುದ್ಧವಾಗಲು 25ರಿಂದ 30 ವರ್ಷ ಬೇಕು, ಮೊದಲ ಐದು ವರ್ಷಕ್ಕೇ 100 ಕೋಟಿ ಡಾಲರ್ ಇಡಿ ಎಂದು 2011ರ ವರದಿ ಹೇಳಿತ್ತು. ಕೆಲಸಕ್ಕೆ ಚಾಲನೆ ಸಿಕ್ಕಿದ್ದು 2016ರಲ್ಲಿ. ಅದು ಇನ್ನೂ ಮುಗಿದಿಲ್ಲ. 2025ರ ಮಾರ್ಚ್‌ನಲ್ಲಿ ಶೆಲ್ ತನ್ನ ನೆಲದ ಮೇಲಿನ ತೈಲ ವ್ಯವಹಾರವನ್ನು ಬೇರೆ ಕಂಪನಿಗಳ ಕೂಟಕ್ಕೆ ಮಾರಿ ಹೊರಬಂತು. ಅದೇ ವರ್ಷದ ಜೂನ್ 12ರಂದು ಅಧ್ಯಕ್ಷ ಟಿನುಬು, ಗಲ್ಲಿಗೇರಿದ ಒಂಬತ್ತು ಮಂದಿಗೆ ಮರಣೋತ್ತರ ಕ್ಷಮೆ ಮತ್ತು ಗೌರವ ಪ್ರಕಟಿಸಿದರು. ಕ್ಷಮೆ ಎಂದರೆ ತಪ್ಪು ಮಾಡಿದ್ದರು ಎಂದಾಗುತ್ತದಲ್ಲ, ನಿರ್ದೋಷಿಗಳೆಂದು ಸಾರಿ ಎಂದು ಹಕ್ಕುಗಳ ಪರ ದನಿಯೆತ್ತುವವರು ಕೇಳುತ್ತಿದ್ದಾರೆ. ಒಗೊನಿಯಲ್ಲಿ ಮತ್ತೆ ತೈಲ ತೆಗೆಯುವ ಮಾತುಕತೆಯೂ ಆ ವರ್ಷವೇ ಶುರುವಾಗಿದೆ.