ಹಳೇ ವಿಸಿಆರ್‌ಗೆ ಮೊದಲು ಬೇಡದ ಕ್ಯಾಸೆಟ್ ಹಾಕಿ

ವಿಡಿಯೊ ಕ್ಯಾಸೆಟ್ ಓಡಿಸುವ ವಿಸಿಆರ್ ತಂದ ಕೂಡಲೇ ಅದಕ್ಕೆ ಮದುವೆಯ ಕ್ಯಾಸೆಟ್ಟನ್ನೇ ಹಾಕುವ ಅಭ್ಯಾಸ ಎಷ್ಟು ಹೇಳಿದರೂ ಹೋಗುವುದಿಲ್ಲ. ಟೇಪ್ ಸುಕ್ಕಾದ ಮೇಲೆ ‘ಸರಿ ಮಾಡಿಕೊಡಿ’ ಎಂದು ತರುತ್ತಾರೆ. ಪಾಪ, ಅವರ ಹತ್ತಿರ ಇದ್ದದ್ದು ಅದೊಂದೇ ಪ್ರತಿ.

‘ಲೈಟ್ ಹತ್ತುತ್ತೆ, ಕ್ಯಾಸೆಟ್ ಒಳಗೆ ಹೋಗುತ್ತೆ’ ಎಂದು ಮಾರುವವರು ಹೇಳಿದರೆ, ಯಂತ್ರಕ್ಕೆ ಕರೆಂಟ್ ಬರುತ್ತಿದೆ ಎಂದಷ್ಟೇ ತಿಳಿಯಿತು. ಕೊನೆಗೆ ಉಳಿದಿದ್ದ ಫುನಾಯ್ ಕಂಪನಿ 2016ರಲ್ಲಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಬರುತ್ತಿಲ್ಲ. ಡಬ್ಬಿಯಿಂದಲೇ ತೆಗೆಯದ ಯಂತ್ರದಲ್ಲೂ ರಬ್ಬರಿಗೆ ವಯಸ್ಸಾಗಿರುತ್ತದೆ.

ಟೇಪ್ ಸಿಕ್ಕಿಕೊಳ್ಳುವುದಕ್ಕೂ ಹೆಚ್ಚಾಗಿ ಈ ರಬ್ಬರೇ ಕಾರಣ. ಪಿಂಚ್ ರೋಲರ್ ಎಂಬ ರಬ್ಬರ್ ಉರುಳೆ ಮತ್ತು ಕ್ಯಾಪ್‌ಸ್ಟನ್ ಎಂಬ ತಿರುಗುವ ಲೋಹದ ಕಡ್ಡಿ ಟೇಪನ್ನು ಮುಂದಕ್ಕೆ ತಳ್ಳುತ್ತವೆ, ಬಲಗಡೆಯ ರೀಲ್ ಅದನ್ನು ಸುತ್ತಿಕೊಳ್ಳಬೇಕು. ರೀಲ್ ತಿರುಗಿಸುವ ಐಡ್ಲರ್ ಚಕ್ರದ ರಬ್ಬರ್ ಗಟ್ಟಿಯಾಗಿ ಜಾರಿದರೆ ರೀಲ್ ನಿಲ್ಲುತ್ತದೆ, ಟೇಪ್ ಮಾತ್ರ ಬರುತ್ತಲೇ ಇರುತ್ತದೆ. ರೀಲ್ ನಿಂತದ್ದು ಸೆನ್ಸರ್‌ಗೆ ತಿಳಿದು ಯಂತ್ರ ಆಫ್ ಆಗುವಷ್ಟರಲ್ಲಿ ಒಂದು ಸುತ್ತು ಹೊರಗೆ ಬಿದ್ದಿರುತ್ತದೆ. ಆಗ ಎಜೆಕ್ಟ್ ಒತ್ತುತ್ತಾ ಕೂರಬೇಡಿ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆದು, ಟೇಪನ್ನು ಕೈಯಿಂದಲೇ ನಿಧಾನವಾಗಿ ಬಿಡಿಸಿ. ಪವರ್ ಸಪ್ಲೈ ಭಾಗಕ್ಕೆ ಮಾತ್ರ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು.

ಆದ್ದರಿಂದ ಬೇಡದ ಕ್ಯಾಸೆಟ್ ಹಾಕಿ ಹತ್ತು ನಿಮಿಷ ಪ್ಲೇ ಮಾಡಿ. ಮುಂದಕ್ಕೂ ಹಿಂದಕ್ಕೂ ಪೂರ್ತಿ ಓಡಿಸಿ, ನಡುನಡುವೆ ನಿಲ್ಲಿಸಿ, ಹೊರತೆಗೆಯಿರಿ. ಬಳಿಕ ಕ್ಯಾಸೆಟ್‌ನ ಬದಿಯ ಸಣ್ಣ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿ, ಟೇಪ್‌ನ ಎರಡೂ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಈ ಪರೀಕ್ಷೆಯಲ್ಲಿ ಮುಖ್ಯವಾದದ್ದು ಇದೇ, ಎಲ್ಲರೂ ಬಿಡುವುದೂ ಇದನ್ನೇ. 12.7 ಮಿ.ಮೀ. ಅಗಲದ ಟೇಪ್‌ನ ಕೆಳ ಅಂಚಿನಲ್ಲಿ ಚಿತ್ರವನ್ನು ಹೊಂದಿಸಿ ಓದಲು ಬೇಕಾದ ಸಂಕೇತ, ಅಂದರೆ ಕಂಟ್ರೋಲ್ ಟ್ರ್ಯಾಕ್ ಇದೆ, ಮೇಲಂಚಿನಲ್ಲಿ ಸಾಮಾನ್ಯ ಧ್ವನಿ. ಕೆಳಗೆ ನೆರಿಗೆ ಬಿದ್ದರೆ ಚಿತ್ರ ಹಿಡಿತ ತಪ್ಪುತ್ತದೆ, ಮೇಲೆ ಬಿದ್ದರೆ ಧ್ವನಿ ನಡುಗುತ್ತದೆ. ಒಂದೇ ಒಂದು ನೆರಿಗೆ ಕಂಡರೂ ಆ ಯಂತ್ರಕ್ಕೆ ನಿಮ್ಮ ಕ್ಯಾಸೆಟ್ ಕೊಡಬೇಡಿ.

ಕ್ಯಾಸೆಟ್ಟನ್ನೂ ನೋಡಿಕೊಳ್ಳಿ. ಕಿಟಕಿಯಲ್ಲಿ ಟೇಪ್ ಸುತ್ತಿನ ಮೇಲೆ ಬಿಳಿ ಬೂಷ್ಟು ಕಂಡರೆ ಯಾವ ಯಂತ್ರಕ್ಕೂ ಹಾಕುವಂತಿಲ್ಲ. ಅದು ಟೇಪನ್ನು ಓದುವ ಹೆಡ್‌ಗೆ ಮೆತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗಳಿಗೂ ಹತ್ತುತ್ತದೆ.

ಧ್ವನಿ ಚೆನ್ನಾಗಿದ್ದು ಪರದೆ ತುಂಬ ಚುಕ್ಕಿಗಳಿದ್ದರೆ ಸಾಮಾನ್ಯವಾಗಿ ವಿಡಿಯೊ ಹೆಡ್ ಕೊಳಕಾಗಿದೆ ಎಂದರ್ಥ. ಎಳೆ ಬಿಡದ ಕಾಗದವನ್ನೋ ಶ್ಯಾಮಿ ಎಂಬ ಮೆದು ತೊಗಲನ್ನೋ 99% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ, ಹೆಡ್ ಕೂತಿರುವ ತಿರುಗುವ ಡ್ರಮ್‌ನ ಬದಿಗೆ ಹಗುರವಾಗಿ ಒತ್ತಿ ಹಿಡಿಯಿರಿ. ಆ ಕೈ ಅಲುಗಬಾರದು, ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಫೆರೈಟ್ ಹೆಡ್‌ನ ತುದಿ ಮುರಿಯುತ್ತದೆ. ಹತ್ತಿಕಡ್ಡಿಯನ್ನೂ ಡ್ರಮ್ ಹತ್ತಿರ ತರಬೇಡಿ, ಅದರ ಎಳೆ ಹೆಡ್‌ಗೆ ಸಿಕ್ಕಿಕೊಳ್ಳುತ್ತದೆ. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆಯೇ ಕ್ಯಾಸೆಟ್ ಹಾಕಿ.

ಮುಚ್ಚಳ ತೆಗೆದು ಓಡಿಸುವಾಗ ಯಂತ್ರ ತಾನಾಗಿ ನಿಂತರೆ ಗಾಬರಿ ಬೇಡ. ಟೇಪ್ ಮುಗಿದದ್ದನ್ನು ಅದು ಇನ್‌ಫ್ರಾರೆಡ್ ಬೆಳಕಿನಿಂದ ತಿಳಿಯುತ್ತದೆ, ಹೊರಗಿನ ಜೋರು ಬೆಳಕು ಬಿದ್ದರೆ ಮೋಸಹೋಗುತ್ತದೆ. ಮೇಲೊಂದು ರಟ್ಟು ಮುಚ್ಚಿ ನೋಡಿ. ಚಿತ್ರದ ತೀರಾ ಕೆಳಗಿನ ಕೆಲವು ಗೆರೆಗಳ ಕಲಕಾಟವೂ ದೋಷವಲ್ಲ, ಒಂದು ಹೆಡ್‌ನಿಂದ ಇನ್ನೊಂದಕ್ಕೆ ಬದಲಾಗುವಾಗ ಎಲ್ಲ ವಿಸಿಆರ್‌ನಲ್ಲೂ ಅದು ಇರುತ್ತದೆ.

ಚಿತ್ರ ಹೊಂದಿಸುವ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರೂ ಜರುಗದ ಪಟ್ಟೆ ಎಲ್ಲ ಕ್ಯಾಸೆಟ್‌ಗಳಲ್ಲೂ ಕಂಡರೆ ಟೇಪಿಗೆ ದಾರಿ ತೋರುವ ಗೈಡ್ ಕಂಬದ ಎತ್ತರ ತಪ್ಪಿರುವ ಸಾಧ್ಯತೆ ಹೆಚ್ಚು. ಒಂದೇ ಕ್ಯಾಸೆಟ್‌ನಲ್ಲಿ ಕಂಡರೆ ರೆಕಾರ್ಡ್ ಮಾಡಿದ ಯಂತ್ರವೇ ಹಾಗಿದ್ದಿರಬಹುದು. ಗೈಡ್‌ನ ಸ್ಕ್ರೂ ಮುಟ್ಟುವ ಮುನ್ನ ಕನಿಷ್ಠ ಮೂರು ಬೇರೆ ಬೇರೆ ಕ್ಯಾಸೆಟ್ ಹಾಕಿ ನೋಡಿ, ಮೂರರಲ್ಲೂ ಪಟ್ಟೆ ಇದ್ದರೆ ಬಲ್ಲವರ ಕೈಗೆ ಕೊಡಿ.