‘ಟಕ್’ ಅನ್ನಬೇಕು ಕಂಬಿ

ಮೈಸೂರಿನ ಆಸ್ಪತ್ರೆಯೊಂದರಲ್ಲಿ ಅತ್ತೆಯನ್ನು ಎಕ್ಸ್‌ರೇಗೆ ಕರೆದೊಯ್ಯಬೇಕಿತ್ತು. ಸ್ಟ್ರೆಚರಿನ ಪಕ್ಕದ ಕಂಬಿಯನ್ನು ನಾನೇ ಮೇಲೆತ್ತಿದೆ, ನಿಂತಿತು ಅಂದುಕೊಂಡೆ. ಆಯಮ್ಮ ಬಂದವರೇ ಅತ್ತೆಯ ಬಳೆಗೈಯನ್ನು ಹೊಟ್ಟೆಯ ಮೇಲಿಟ್ಟು ಕಂಬಿಯನ್ನು ಅಲ್ಲಾಡಿಸಿದರು. ದಡಾರನೆ ಕೆಳಗಿಳಿಯಿತು. “ಟಕ್ ಅನ್ನೋವರ್ಗೂ ಎತ್ಬೇಕು ಅಣ್ಣ. ಇಲ್ಲಾಂದ್ರೆ ಎತ್ತಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.”

ಆಸ್ಪತ್ರೆಯ ಮಂಚಕ್ಕೆ ಕಂಬಿ ಬಂದದ್ದು ರೋಗಿ ಬಿದ್ದಾನೆಂಬ ಭಯಕ್ಕೆ. ಕಳೆದ ಶತಮಾನದ ನಡುವಿನ ಹೊತ್ತಿಗೆ ಅಮೆರಿಕದಲ್ಲಿ ಅದನ್ನು ಎತ್ತಿಡುವುದು ರೂಢಿಯೇ ಆಗಿತ್ತು. ಆಮೇಲೆ ಬೇರೆಯದೇ ಸಂಗತಿ ಹೊರಬಿತ್ತು: ನಿಶ್ಶಕ್ತರು, ಅರಿವು ಮಸುಕಾದ ಮುದುಕರು ಕಂಬಿಗೂ ಹಾಸಿಗೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದರು. 1995ರಲ್ಲಿ ಅಲ್ಲಿನ ಎಫ್‌ಡಿಎ, ಅಂದರೆ ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ, ಎಚ್ಚರಿಕೆ ಕೊಟ್ಟಿತು. 1985ರಿಂದ 2009ರ ಆರಂಭದವರೆಗೆ ಅದಕ್ಕೆ ವರದಿಯಾದ ಇಂಥ 803 ಪ್ರಕರಣಗಳಲ್ಲಿ 480 ಮಂದಿ ಸತ್ತಿದ್ದರು. 2006ರಲ್ಲಿ ಅದು ಅಳತೆಯನ್ನೂ ಸೂಚಿಸಿತು: ತಲೆ ನುಸುಳಬಹುದಾದ ಸಂದಿ 120 ಮಿ.ಮೀ.ಗಿಂತ ಕಡಿಮೆ ಇರಬೇಕು. ಗೊಂದಲದಲ್ಲಿರುವವರು ಕಂಬಿ ಹತ್ತಿ ದಾಟಲು ಹೋದರೆ ಇನ್ನೂ ಎತ್ತರದಿಂದ ಬೀಳುತ್ತಾರೆ. ಹಾಗಾಗಿ ಮಂಚದಲ್ಲಿ ಕಂಬಿ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ನೋಡಿ ತೀರ್ಮಾನಿಸುವ ಕ್ರಮ ಬಂತು.

ಇದನ್ನು ಓದಿ ಸ್ಟ್ರೆಚರಿನ ಕಂಬಿ ಇಳಿಸಿಬಿಟ್ಟೀರಿ, ಜೋಕೆ! ಅದು ಕಿರಿದು, ಎತ್ತರ, ಮೇಲಾಗಿ ಚಲಿಸುವಂಥದ್ದು. ಇಳಿಜಾರಿನಲ್ಲಿ, ಲಿಫ್ಟಿನ ಹೊಸ್ತಿಲಲ್ಲಿ ಒಮ್ಮೆ ಕುಲುಕಿದರೆ ಸಾಕು. ತಳ್ಳುವಾಗ ಎರಡೂ ಕಡೆಯ ಕಂಬಿ ಮೇಲಿರಬೇಕು, ಸ್ಕ್ಯಾನಿಂಗ್ ಕೋಣೆಯ ಮುಂದೆ ಸರದಿಗೆ ಕಾಯುವಾಗಲೂ.

ನಂಜನಗೂಡು, ಮದ್ದೂರಿನ ಕಡೆಯಿಂದ ದೊಡ್ಡಾಸ್ಪತ್ರೆಗೆ ಬಂದವರಲ್ಲಿ ಎಷ್ಟೋ ಸಲ ತಳ್ಳುವವರು ಮನೆಯವರೇ. ನಮಗೆ ಇದನ್ನು ಹೇಳಿಕೊಡುವವರು ಯಾರು? ಕಂಬಿ ಹಿಡಿದು ಸ್ಟ್ರೆಚರ್ ಎಳೆಯುತ್ತೇವೆ. ಕೊಂಡಿ ಸಡಿಲಾಗುವುದು ಹಾಗೇ. ಎಳೆಯಲು ತಲೆಯ ಕಡೆ, ಕಾಲಿನ ಕಡೆ ಹಿಡಿಕೆ ಇರುತ್ತದೆ. ಕಂಬಿ ಇಳಿಸುವ ಮುನ್ನ ರೋಗಿಯ ಬೆರಳು, ಡ್ರಿಪ್ಪಿನ ನಳಿಗೆ, ಮೂತ್ರದ ಚೀಲದ ಪೈಪು ಎಲ್ಲಿವೆ ನೋಡಿ. ಮಂಚಕ್ಕೆ ಬದಲಿಸುವಾಗ ಎರಡರ ಚಕ್ರಕ್ಕೂ ಬ್ರೇಕ್ ಹಾಕಿ, ಎತ್ತರ ಸಮ ಮಾಡಿ, ಮಂಚದ ಕಡೆಯ ಕಂಬಿಯನ್ನಷ್ಟೇ ಇಳಿಸಿ.

ಎಕ್ಸ್‌ರೇ ಮುಗಿಸಿ ವಾಪಸು ಹೊರಟಾಗ ಅತ್ತೆ ತಾವೇ ಕೈ ಒಳಗೆಳೆದುಕೊಂಡು ಕೇಳಿದರು: “ಸದ್ದು ಬಂತಾ?”

ಬಂದಿರಲಿಲ್ಲ. ಇನ್ನೊಮ್ಮೆ ಎತ್ತಿದೆ.