ಎಸಿ ಪೈಪಿನಿಂದ ಬಾಲ್ದಿಗೆ ಬೀಳುವ ನೀರಿನ ಲೆಕ್ಕ

ತುಳುವರ ಸುಗ್ಗಿ ತಿಂಗಳು ಮುಗಿದು ಪಗ್ಗು ಕಾಲಿಡುವಾಗ, ಅಂದರೆ ಏಪ್ರಿಲ್ ಮಧ್ಯಕ್ಕೆ, ಪಂಚಾಂಗದ ಪ್ರಕಾರ ವಸಂತ. ಕರಾವಳಿಯವರ ಬಾಯಲ್ಲಿ ಅದಕ್ಕಿರುವ ಹೆಸರು ಒಂದೇ, ಸೆಕೆ. ಬಿಸಿಲಿನ ಕಾವು ಬೇರೆ, ಬೆವರು ಆರಗೊಡದ ಸೆಕೆ ಬೇರೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಎಸಿ ಕೊಳ್ಳಲು ಅಂಗಡಿಗೆ ಹೋದಾಗ ಮಾತ್ರ ದೊಡ್ಡವರೂ ಅದನ್ನು ಮರೆತು "ಎಷ್ಟು ಕೂಲಿಂಗ್ ಕೊಡ್ತದೆ?" ಎನ್ನುತ್ತಾರೆ. ಮಂಗಳೂರು, ಉಡುಪಿಯಲ್ಲಿ ಕೇಳಬೇಕಾದ್ದು "ಎಷ್ಟು ನೀರು ತೆಗೀತದೆ?" ಎಂದು.

ಬೆವರಿದ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಅಲ್ಲಿನ ಆವಿಯ ಒತ್ತಡ, ಅಂದರೆ ನೀರಾವಿ ಗಾಳಿಗೆ ನುಗ್ಗಲು ಒತ್ತುವ ಬಲ, 5.6 ಕಿಲೋಪ್ಯಾಸ್ಕಲ್. ಮಂಗಳೂರಿನ ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ, ತೇವಾಂಶ ಶೇ. 65 ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ಆಗಲೇ ಕೂತಿರುವ ಆವಿಯ ಒತ್ತಡ 3.3, ಬೆವರು ಆರಲು ಉಳಿದ ಅಂತರ 2.3 ಮಾತ್ರ. ಅದೇ ರಾಯಚೂರಿನಲ್ಲಿ 40 ಡಿಗ್ರಿ, ತೇವಾಂಶ ಶೇ. 20 ಇದ್ದರೆ ಅಂತರ 4.1. ಏಳು ಡಿಗ್ರಿ ಹೆಚ್ಚು ಬಿಸಿಯಿದ್ದೂ ಅಲ್ಲಿ ಬೆವರು ಇಲ್ಲಿಗಿಂತ ಒಂದೂಮುಕ್ಕಾಲು ಪಟ್ಟು ಬೇಗ ಆರುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದ ಕಡೆ ಹೊರಟ ಸಿಟಿ ಬಸ್ಸನ್ನು ನೆನೆಸಿಕೊಂಡರೆ ಸಾಕು. ಒಳಗೆ ಕಾಲಿಡಲು ಜಾಗವಿಲ್ಲದಿದ್ದರೆ ಸ್ಟಾಪಿನಲ್ಲಿ ನಿಂತವರು ಹತ್ತುವುದೆಲ್ಲಿಗೆ? ಚರ್ಮದ ಮೇಲಿನ ಬೆವರಿಗೂ ಅದೇ ಪಾಡು. ಏರ್ ಕೂಲರ್ ಮಾರುವವರು ಇದನ್ನು ಹೇಳುವುದಿಲ್ಲ. ಗಾಳಿಗೆ ನೀರಾವಿ ಸೇರಿಸಿ ತಂಪು ಮಾಡುವ, ಅಂದರೆ ತುಂಬಿದ ಬಸ್ಸಿಗೆ ಇನ್ನಷ್ಟು ಜನರನ್ನು ನೂಕುವ ಯಂತ್ರ ಅದು. ರಾಯಚೂರಿಗೆ ವರ, ನಮಗೆ ದಂಡ.

ಎಸಿ ಈ ಬಸ್ಸನ್ನು ಖಾಲಿ ಮಾಡುವ ಬಗೆ ನೋಡಬೇಕಾದರೆ ಐಸ್‌ಕ್ರೀಂ ಅಂಗಡಿಗೆ ಹೋಗಿ ಒಂದು ಗಡ್‌ಬಡ್ ತರಿಸಿ. ಮೊದಲ ಚಮಚ ಬಾಯಿಗೆ ಹೋಗುವ ಮೊದಲೇ ಗ್ಲಾಸಿನ ಹೊರಮೈ ಮಂಜಾಗುತ್ತದೆ. ಮಂಜು ಹನಿಯಾಗಿ, ಹನಿ ಹನಿ ಕೂಡಿ ಗೆರೆಯಾಗಿ ಜಾರಿ ಮೇಜಿನ ಮೇಲೆ ಒದ್ದೆ ಉಂಗುರ ಬರೆಯುತ್ತದೆ. ಆ ನೀರು ಗ್ಲಾಸಿನೊಳಗಿಂದ ಬಂದದ್ದಲ್ಲ, ನೀವು ಕೂತ ಗಾಳಿಯದ್ದು. ಮೇಲಿನ ಲೆಕ್ಕದ ಗಾಳಿಯ ಇಬ್ಬನಿ ಬಿಂದು ಸುಮಾರು 25 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೈಯೂ ಬೆವರಲೇಬೇಕು. ಗೋಡೆಯ ಮೇಲಿನ ಎಸಿಯೊಳಗಿನ ಕಾಯಿಲ್, ಅಂದರೆ ತಣ್ಣನೆಯ ಪೈಪಿನ ಸುರುಳಿ, ಸುಮಾರು 10 ಡಿಗ್ರಿಯಲ್ಲಿರುತ್ತದೆ. ಅದು ಗಂಟೆಗಟ್ಟಲೆ ಕರಗದ ಗಡ್‌ಬಡ್ ಗ್ಲಾಸು.

ಈಗ ಅಸಲು ಲೆಕ್ಕ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 40 ಘನ ಮೀಟರ್ ಗಾಳಿ ಹಿಡಿಸುತ್ತದೆ. ಹೊರಗಿನ ಸೆಕೆಯಲ್ಲಿ ಘನ ಮೀಟರಿಗೆ 23 ಗ್ರಾಂ ನೀರು. 25 ಡಿಗ್ರಿ, ಶೇ. 50 ತೇವಾಂಶದ ಹಾಯಾದ ಕೋಣೆಯಲ್ಲಿ ಅದರ ಅರ್ಧ, ಹನ್ನೊಂದೂವರೆ ಗ್ರಾಂ. ಅಂದರೆ ಕೋಣೆಯಿಂದ ಹೊರಹಾಕಬೇಕಾದ್ದು 460 ಗ್ರಾಂ. ಅಷ್ಟೇನಾ ಅನ್ನಬೇಡಿ. ಕೋಣೆಯ ಗಾಳಿಯನ್ನು 33ರಿಂದ 25 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 370 ಕಿಲೋಜೂಲ್. ಆ 460 ಗ್ರಾಂ ಆವಿಯನ್ನು ನೀರು ಮಾಡಲು ತೆಗೆಯಬೇಕಾದ್ದು 1100ಕ್ಕೂ ಹೆಚ್ಚು! ಗೋಡೆ, ಸ್ಲ್ಯಾಬ್‌ಗಳ ಬಿಸಿ ಬೇರೆ ಇದೆ, ಇರಲಿ. ಗಾಳಿಯ ಮಟ್ಟಿಗೆ ಹೇಳುವುದಾದರೆ ತಣಿಸುವುದಕ್ಕಿಂತ ಒಣಗಿಸುವುದೇ ಮೂರು ಪಟ್ಟು ಕೆಲಸ.

ಅರ್ಧ ಲೀಟರ್ ತೆಗೆದ ಮೇಲೂ ಪೈಪಿನಲ್ಲಿ ರಾತ್ರಿಯಿಡೀ ನೀರು ಬರುತ್ತದಲ್ಲ? ಕಿಟಕಿ ಸಂದಿ, ಬಾಗಿಲಡಿ ಗಂಟೆಗೊಮ್ಮೆ ಕೋಣೆಯ ಗಾಳಿ ಬದಲಾದರೆ ಮತ್ತೆ 460 ಗ್ರಾಂ ಒಳಗೆ. ಮಲಗಿದವರ ಉಸಿರು, ಬೆವರು, ಹಾಸಿಗೆಯ ಹತ್ತಿ, ಕಪಾಟಿನ ಬಟ್ಟೆ ಇವೂ ಸೇರುತ್ತವೆ. ಹಾಗಾಗಿ ಎಸಿಯ ಟನ್ನಿಗಿಂತ ಮೊದಲು ಕಿಟಕಿಯ ರಬ್ಬರ್ ಬೀಡಿಂಗಿಗೆ ದುಡ್ಡು ಹಾಕುವುದು ಜಾಣತನ. ಹಂಚಿನ ಮಾಡಿನ ಕೆಳಗೆ ನೇರವಾಗಿ ಎಸಿ ಹಾಕುವುದಂತೂ ತೂತು ಬಾಲ್ದಿಯಲ್ಲಿ ಬಾವಿ ನೀರು ಸೇದಿದಂತೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಆ ಹಂಚಿನ ಮಾಡು ಮಳೆ ತಡೆಯುತ್ತದೆ, ಸಂದುಗಳಲ್ಲಿ ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ಸೊಗಸಾದ ವ್ಯವಸ್ಥೆ, ಎಸಿಗೆ ಮಾತ್ರ ಶತ್ರು. ಅಂಥ ಮನೆಯಲ್ಲಿ ಹಲಗೆಯ ಮುಚ್ಚಿಗೆಯಿರುವ ಕೋಣೆಯನ್ನೇ ಆರಿಸಿ, ಹಲಗೆ ಸಂದಿ ಮುಚ್ಚಿ.

ಎಸಿ ಹುಟ್ಟಿದ್ದೇ ಒಣಗಿಸಲಿಕ್ಕೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ಬೇಸಗೆಯ ತೇವಕ್ಕೆ ಕಾಗದ ಹಿಗ್ಗಿ ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ತಣ್ಣನೆಯ ಕಾಯಿಲ್‌ಗಳ ಮೇಲೆ ಗಾಳಿ ಹಾಯಿಸಿ ತೇವ ಇಳಿಸುವ ಯಂತ್ರ ರೂಪಿಸಿದ. ಮನುಷ್ಯರಿಗೆ ತಂಪಾದದ್ದು ಅದರ ಉಪಫಲ. 'ಏರ್ ಕಂಡೀಷನಿಂಗ್' ಎಂಬ ಹೆಸರು ಕೊಟ್ಟವನು 1906ರಲ್ಲಿ ಸ್ಟುವರ್ಟ್ ಕ್ರೇಮರ್. ಬಟ್ಟೆ ಗಿರಣಿಗಳಿಗೆ ತೇವ ಸೇರಿಸುವ ತಲೆಬಿಸಿ ಅವನದು. ಒಬ್ಬ ನೀರು ತೆಗೆದ, ಇನ್ನೊಬ್ಬ ಹಾಕಿದ, 'ಕೂಲಿಂಗ್' ಮಾತ್ರ ಎಲ್ಲರ ಬಾಯಲ್ಲಿ ಉಳಿಯಿತು.

ಡಕ್ಟ್ ಇಲ್ಲದ ಸ್ಪ್ಲಿಟ್ ಎಸಿಯ ಲಾಭವೂ ಇಲ್ಲಿಂದಲೇ ತಿಳಿಯುತ್ತದೆ. ಅಮೆರಿಕದ ಮನೆಗಳಂತೆ ಒಂದೇ ಕಡೆ ತಣಿಸಿ ತಗಡಿನ ಡಕ್ಟುಗಳಲ್ಲಿ ಕೋಣೆ ಕೋಣೆಗೆ ಗಾಳಿ ಹಂಚುವ ಪದ್ಧತಿಯಲ್ಲಿ ಶೇ. 20ರಿಂದ 30ರಷ್ಟು ಗಾಳಿ ದಾರಿಯಲ್ಲೇ ಸೋರುತ್ತದೆ ಎಂದು ಅಲ್ಲಿನ ಸರಕಾರದ ಇಂಧನ ಉಳಿತಾಯ ಕಾರ್ಯಕ್ರಮ ಎನರ್ಜಿ ಸ್ಟಾರೇ ಹೇಳುತ್ತದೆ. ನಮ್ಮಲ್ಲಿ ಇನ್ನೂ ಒಂದು ಪೀಡೆ: ಫಾಲ್ಸ್ ಸೀಲಿಂಗ್ ಮೇಲಿನ ತಣ್ಣನೆ ಡಕ್ಟ್ ಹೊರಮೈಯಲ್ಲಿ ಬೆವರುತ್ತದೆ, ಅಲ್ಲಿ ಬೂಷ್ಟು ಹಿಡಿಯುತ್ತದೆ. ಒಳಗೊಂದು ಹೊರಗೊಂದು ಯೂನಿಟ್ ಇರುವ ಸ್ಪ್ಲಿಟ್‌ನಲ್ಲಿ ಗಾಳಿ ಪ್ರಯಾಣ ಮಾಡುವುದೇ ಇಲ್ಲ, ಶಾಖ ಹೊರುವ ಗ್ಯಾಸ್ ಮಾಡುತ್ತದೆ. ಒಂದು ಕಿಲೋ ಗಾಳಿಯನ್ನು 12 ಡಿಗ್ರಿ ತಣಿಸಿ ಕಳಿಸಿದರೆ ಅದು ಒಯ್ಯುವ ಶಾಖ 12 ಕಿಲೋಜೂಲ್. ಆರ್-32 ಎಂಬ ಗ್ಯಾಸ್ ದ್ರವರೂಪದಿಂದ ಒಂದು ಕಿಲೋ ಕುದಿದು ಆವಿಯಾದರೆ 250ಕ್ಕೂ ಹೆಚ್ಚು. ಅದಕ್ಕೇ ಕೋಣೆಯಷ್ಟಗಲದ ತಗಡಿನ ಬದಲು ಬೆರಳು ಗಾತ್ರದ ತಾಮ್ರದ ಪೈಪು ಸಾಕು, ಕೆಂಪುಕಲ್ಲಿನ ಗೋಡೆಯಲ್ಲಿ ಎರಡೂವರೆ–ಮೂರು ಇಂಚಿನ ಒಂದು ತೂತು ಸಾಕು. ಮಲಗುವ ಕೋಣೆಗಷ್ಟೇ ಕರೆಂಟು, ಚಾವಡಿಗೆ ಫ್ಯಾನು. ಚಳಿ ನಾಡುಗಳಲ್ಲಿ ಇದೇ ಯಂತ್ರ ತಿರುವು ಮುರುವಾಗಿ ಓಡಿ ವಸಂತದ ಮುಂಜಾನೆ ಮನೆ ಬೆಚ್ಚಗಿಡುತ್ತದೆ. ಮಂಗಳೂರಿನಲ್ಲಿ 'ಹಾಟ್ ಆಂಡ್ ಕೋಲ್ಡ್' ಮಾದರಿಗೆ ಹೆಚ್ಚುವರಿ ದುಡ್ಡು ಕೊಡುವುದು ಶುದ್ಧ ದಂಡ.

"ಒಂದು ಟನ್ ಸಾಲದು, ಇರಲಿ ಎರಡು" ಎನ್ನುವ ಧಾರಾಳಿಗಳೇ ಹೆಚ್ಚು ಸೆಕೆ ಅನುಭವಿಸುವವರು. ಸಣ್ಣ ಕೋಣೆಗೆ ದೊಡ್ಡ ಎಸಿ ಹಾಕಿದರೆ ಹತ್ತು ನಿಮಿಷದಲ್ಲಿ 24 ತಲುಪಿ ಕಂಪ್ರೆಸರ್ ನಿಲ್ಲುತ್ತದೆ; ತೇವ ಇನ್ನೂ ಹಾಗೇ ಇರುತ್ತದೆ. ಕಾಯಿಲಿನ ತೆಳು ತಗಡಿನ ರೆಕ್ಕೆಗಳ ನಡುವೆ ನಿಂತ ನೀರನ್ನು ಬ್ಲೋವರ್ ಮತ್ತೆ ಕೋಣೆಗೇ ಊದುತ್ತದೆ. ತಣ್ಣಗೆ, ಅಂಟಂಟು, ಮಳೆಗಾಲದ ಬಚ್ಚಲಿನಂತೆ. ಹೇಳಿದ 12 ಅಡಿಯ ಕೋಣೆ ನಡುಮಹಡಿಯಲ್ಲಿದ್ದರೆ ಒಂದು ಟನ್ ಸಾಕು. ಬರಿ ಟೆರೇಸಿನ ಕೆಳಗಿದ್ದರೆ ಒಂದೂವರೆ. ಟೆರೇಸಿಗೆ ಮಳೆಗೆಂದು ಶೀಟಿನ ಮಾಡು ಹಾಕಿದ್ದರೆ ಮತ್ತೆ ಒಂದಕ್ಕೇ ಇಳಿಯಬಹುದು.

ಇನ್ವರ್ಟರ್ ಎಸಿ ನಿಲ್ಲದೆ ನಿಧಾನ ಓಡುವುದರಿಂದ ಈ ರೋಗ ಕಡಿಮೆ. ಆದರೆ ನಡುರಾತ್ರಿ ತೀರಾ ನಿಧಾನಕ್ಕಿಳಿದಾಗ ಕಾಯಿಲ್ ಅಷ್ಟು ತಣ್ಣಗಿರುವುದಿಲ್ಲ, ಒಣಗಿಸುವುದೂ ಕಡಿಮೆ. ಆಗ ಬ್ಲೋವರನ್ನು 'ಲೋ'ಗೆ ಹಾಕಿ. ಗಾಳಿ ನಿಧಾನ ಹಾದರೆ ಕಾಯಿಲ್ ಇನ್ನಷ್ಟು ತಣ್ಣಗಾಗಿ ಹೆಚ್ಚು ನೀರು ಹಿಂಡುತ್ತದೆ. ಡ್ರೈ ಮೋಡ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ನಂಬದವರು ಪೈಪಿನಡಿ ಒಂದು ಲೀಟರ್ ಬಾಟಲಿ ಇಟ್ಟು, ಒಂದೇ ತರಹದ ಎರಡು ರಾತ್ರಿ, ಒಮ್ಮೆ 'ಹೈ' ಒಮ್ಮೆ 'ಲೋ', ಗಂಟೆಗೆಷ್ಟು ಬಿತ್ತೆಂದು ಅಳೆಯಲಿ. ಒಂದು ಟನ್ ಎಸಿ ಗಂಟೆಗೆ ಸಾಗಿಸುವ ಶಾಖ, ಕರೆಂಟು ಅಳೆಯುವ ಯೂನಿಟ್ಟಿನಲ್ಲೇ ಹೇಳಿದರೆ, 3.5 ಯೂನಿಟ್. ಒಂದು ಗಂಟೆಯಲ್ಲಿ ಬಾಟಲಿ ತುಂಬಿದರೆ ಅದರಲ್ಲಿ 0.68 ಯೂನಿಟ್, ಐದರಲ್ಲೊಂದು ಪಾಲು, ನೀರಿಗೇ ಹೋಯಿತು. ರಿಮೋಟಿನಲ್ಲಿ 16 ಒತ್ತಿದರೆ ಬೇಗ ತಣ್ಣಗಾಗುತ್ತದೆ ಎಂಬ ನಂಬಿಕೆಗೆ ಮಾತ್ರ ಮದ್ದಿಲ್ಲ. ಅದು ಆಕ್ಸಿಲರೇಟರ್ ಅಲ್ಲ, ಎಲ್ಲಿ ಇಳಿಯಬೇಕೆಂದು ಕಂಡಕ್ಟರಿಗೆ ಹೇಳುವ ಸ್ಟಾಪಿನ ಹೆಸರು. 2020ರ ಜನವರಿಯಿಂದ ಸ್ಟಾರ್ ಗುರುತಿನ ಹೊಸ ಎಸಿಗಳು 24ರಲ್ಲೇ ಆನ್ ಆಗುವಂತೆ ನಿಯಮವಿದೆ. ತೇವ ಇಳಿದಿದ್ದರೆ ಫ್ಯಾನು ಒಂದರಲ್ಲಿಟ್ಟು 26 ಆದರೂ ನಿದ್ದೆ ಬರುತ್ತದೆ.

ಅಳವಡಿಕೆಯಲ್ಲಿ ತಪ್ಪುವುದು ಮುಖ್ಯವಾಗಿ ಎರಡು ಕಡೆ. ಮೊದಲನೆಯದು ವ್ಯಾಕ್ಯೂಮ್, ಅಂದರೆ ತಾಮ್ರದ ಪೈಪಿನೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು ತೆಗೆಯುವುದು. ಪೈಪಿನೊಳಗಿನ ಗಾಳಿಯನ್ನು ಸ್ವಲ್ಪ ಗ್ಯಾಸ್ ಬಿಟ್ಟು ಹೊರದಬ್ಬಿ "ಆಯ್ತು ಸಾರ್" ಎನ್ನುವವರಿದ್ದಾರೆ. ಆರ್-32 ಮೆಲ್ಲಗೆ ಉರಿಯಬಲ್ಲ ಅನಿಲ, ಹಾಗೆ ಬಿಡುವುದೇ ತಪ್ಪು. ಅದಕ್ಕಿಂತ, ನಮ್ಮ ಊರಿನ ಗಾಳಿ ಪೈಪಿನಲ್ಲಿ ಉಳಿದರೆ ಅದರ ತೇವವನ್ನು ಕಂಪ್ರೆಸರಿನ ಎಣ್ಣೆ ಹೀರಿ ಆಮ್ಲವಾಗುತ್ತದೆ. ಕೆಲವು ವರ್ಷದಲ್ಲಿ ಕಂಪ್ರೆಸರ್ ಮೋಟಾರಿನ ತಂತಿ ಸುತ್ತು (ವೈಂಡಿಂಗ್) ಸುಡಲು ಅಷ್ಟು ಸಾಕು. ಪಂಪು ಹಚ್ಚಿ ಕನಿಷ್ಠ 20 ನಿಮಿಷ ಎಳೆದು, ಒತ್ತಡವನ್ನು ಮೀಟರಿನಲ್ಲಿ 500 ಮೈಕ್ರಾನಿಗೆ (ಇದು ಇಲ್ಲಿ ಒತ್ತಡದ ಅಳತೆ) ಇಳಿಸಿ, ಪಂಪು ನಿಲ್ಲಿಸಿದ ಮೇಲೂ ಮುಳ್ಳು ಏರದೆ ನಿಲ್ಲಬೇಕು. ಅಷ್ಟು ಕಡಿಮೆ ಒತ್ತಡದಲ್ಲಿ ನೀರು ಕೋಣೆಯ ಉಷ್ಣತೆಯಲ್ಲೇ ಕುದಿದು ಹೊರಟುಹೋಗುತ್ತದೆ. ಇನ್ನು "ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು" ಎಂಬುದು ಸುಳ್ಳು. ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಹೆಚ್ಚಾಗಿ ಪೈಪು ಜೋಡಿಸುವ ಫ್ಲೇರ್ ನಟ್ಟಿನ ಬಳಿ. ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿಸಿ, ಆಮೇಲೆ ತುಂಬಿಸಿ.

ಎರಡನೆಯದು ಡ್ರೈನ್, ನೀರು ಹೊರಹೋಗುವ ಪೈಪು. ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರು ಬೇಕು, ಗೋಡೆಯ ತೂತೂ ಹೊರಕ್ಕೆ ಇಳಿದಿರಬೇಕು. ನೀರು ಉಳಿಸುವ ಉತ್ಸಾಹದಲ್ಲಿ ಪೈಪಿನ ತುದಿಯನ್ನು ಬಾಲ್ದಿಯ ತಳಕ್ಕೆ ಬಿಡುವುದು ಸಾಮಾನ್ಯ. ಬಾಲ್ದಿ ಅರ್ಧ ತುಂಬಿ ತುದಿ ಮುಳುಗಿದೊಡನೆ ಒಳಗಿನ ಗಾಳಿ ಹೊರಬರಲಾರದೆ ಸಿಕ್ಕಿಕೊಂಡು, ನೀರು ಹಿಂದಕ್ಕೆ ನಿಂತು, ಮಂಚದ ಮೇಲೆ ತೊಟ್ಟಿಕ್ಕುತ್ತದೆ. ತುದಿ ಬಾಲ್ದಿಯ ಬಾಯಿಗಿಂತ ಮೇಲಿರಲಿ. ಆ ನೀರು ಗಿಡಕ್ಕೆ, ನೆಲ ಒರೆಸಲು ಒಳ್ಳೆಯದು. ಕಾಯಿಲಿನ ಧೂಳು, ಲೋಹ ಸೇರಿರುವುದರಿಂದ ಕುಡಿಯಲೂ ಬೇಡ, ಇನ್ವರ್ಟರ್ ಬ್ಯಾಟರಿಗೂ ಬೇಡ.

ಉಳ್ಳಾಲ, ಸುರತ್ಕಲ್, ಮಲ್ಪೆಯ ಕಡಲಂಚಿನವರಿಗೆ ಉಪ್ಪಿನ ಕಾಟ ಬೇರೆ. ಹೊರಗಿನ ಯೂನಿಟ್ಟಿನಲ್ಲಿ ತಾಮ್ರದ ಪೈಪಿಗೆ ಅಲ್ಯೂಮಿನಿಯಂ ರೆಕ್ಕೆ ತಾಗಿ ನಿಂತಿರುತ್ತದೆ. ನಡುವೆ ಉಪ್ಪುನೀರು ಬಿದ್ದರೆ ಅದೊಂದು ಪುಟ್ಟ ಬ್ಯಾಟರಿ, ಸವೆಯುವುದು ಅಲ್ಯೂಮಿನಿಯಂ. ಪಡುಗೋಡೆ ಬಿಟ್ಟು ಬೇರೆ ಗೋಡೆಗೆ ಕೂರಿಸಿ, ಬೇಸಗೆಯಲ್ಲಿ ತಿಂಗಳಿಗೊಮ್ಮೆ ಸ್ವಿಚ್ ಆಫ್ ಮಾಡಿ ಬಾವಿ ನೀರಿನಲ್ಲಿ ರೆಕ್ಕೆಗಳನ್ನು ಮೆಲ್ಲಗೆ ತೊಳೆಯಿರಿ. ಯೂನಿಟ್ಟಿನ ಎಲೆಕ್ಟ್ರಾನಿಕ್ ಬೋರ್ಡ್ ಸುಡುವುದಕ್ಕೆ ಕಂಪನಿಯನ್ನು ಬಯ್ಯುವ ಮೊದಲು ಮುಚ್ಚಳ ತೆಗೆಸಿ ನೋಡಿ. ಎಷ್ಟೋ ಸಲ ಅಲ್ಲಿ ಸಿಗುವುದು ಬೆಚ್ಚಗಿನ ಜಾಗ ಹುಡುಕಿ ಹೋಗಿ ಎರಡು ತಂತಿಗೆ ಸೇತುವೆಯಾದ ಹಲ್ಲಿ. ವೈರು ಒಳಹೋಗುವ ತೂತಿಗೆ ಪುಟ್ಟಿ ತುಂಬಿಸಿದರೆ ಹಲ್ಲಿಯೂ ಬದುಕುತ್ತದೆ. ಮೇ ತಿಂಗಳ ಸಂಜೆ ಗುಡುಗು ಕೇಳಿದೊಡನೆ ಎಸಿಯ ಎಂಸಿಬಿ (ಕರೆಂಟು ಕಡಿಯುವ ಮುಖ್ಯ ಸ್ವಿಚ್) ಇಳಿಸಿ. ರಿಮೋಟಿನಲ್ಲಿ ಆಫ್ ಮಾಡಿದ್ದನ್ನು ಸಿಡಿಲು ಲೆಕ್ಕಕ್ಕಿಡುವುದಿಲ್ಲ.

ಮೇ ಕೊನೆಗೆ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಹೆಚ್ಚಿನ ಮನೆಗಳಲ್ಲಿ ಎಸಿಗೂ ರಜೆ. ಒದ್ದೆ ಕಾಯಿಲನ್ನು ಹಾಗೇ ಮಲಗಿಸಿದರೆ ಮಳೆಗಾಲವಿಡೀ ಬೂಷ್ಟು ಬೆಳೆದು ಮುಂದಿನ ಸುಗ್ಗಿಯಲ್ಲಿ ಹಳೇ ಚಾಪೆಯ ವಾಸನೆ ಬರುತ್ತದೆ. ಕೊನೆಯ ದಿನ ಫಿಲ್ಟರ್ ತೊಳೆದು ಒಣಗಿಸಿ ಹಾಕಿ, ಒಂದು ಗಂಟೆ ಬರಿ ಫ್ಯಾನ್ ಮೋಡಿನಲ್ಲಿ ಓಡಿಸಿ, ಆಮೇಲೆ ಎಂಸಿಬಿ ಇಳಿಸಿ. ಹೊರಗಿನ ಯೂನಿಟ್ಟಿಗೆ ಪ್ಲಾಸ್ಟಿಕ್ ಸುತ್ತಬೇಡಿ. ಒಳಗೆ ಸಿಕ್ಕಿಬಿದ್ದ ತೇವ ಅಲ್ಲೇ ಬೆವರುತ್ತದೆ.